ಅಜಂತಾ ಚಿತ್ರದಲ್ಲಿರುವುದು ಇಮ್ಮಡಿ ಪುಲಕೇಶಿಯೇ? ಫಾರ್ವರ್ಡ್‌ಗಳು ಹೇಳದ ಚಾಲುಕ್ಯ ದೊರೆಯ ಕತೆ

ಸಿಂಹಾಸನದ ಮೇಲೆ ಒಬ್ಬ ರಾಜ. ಅವನ ಮುಂದೆ ಕಾಣಿಕೆ ಹಿಡಿದು ನಿಂತ, ಮೊನಚು ಟೊಪ್ಪಿಗೆಯ ವಿದೇಶಿಯರು. ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಮೂರು ಮಾತು: ಇದು ಇಮ್ಮಡಿ ಪುಲಕೇಶಿಯ ನಿಜವಾದ ಚಿತ್ರ, ಅವನು ಇಡೀ ಭಾರತವನ್ನು ಆಳಿದ, ಒಂದೂ ಯುದ್ಧ ಸೋಲಲಿಲ್ಲ. ಕೊನೆಗೆ, ಕನ್ನಡಿಗರಾದರೆ ಹತ್ತು ಜನರಿಗೆ ಕಳುಹಿಸಿ ಎಂಬ ಒತ್ತಾಯ. ರಾಜ್ಯೋತ್ಸವ ಹತ್ತಿರ ಬಂದಾಗ ಇಂಥ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು.

ಈ ಮೂರೂ ಮಾತು ಸಾಕ್ಷ್ಯದ ಮುಂದೆ ನಿಲ್ಲುವುದಿಲ್ಲ. ಆದರೆ ಪುಲಕೇಶಿ ಸಣ್ಣ ರಾಜನೇನೂ ಅಲ್ಲ. ಸಾಕ್ಷ್ಯ ಹಿಡಿದು ಹೊರಟರೆ ಸಿಗುವ ಪುಲಕೇಶಿ ಫಾರ್ವರ್ಡ್‌ನ ಪುಲಕೇಶಿಗಿಂತ ಹೆಚ್ಚು ಕುತೂಹಲ ಹುಟ್ಟಿಸುತ್ತಾನೆ. ಸುಮಾರು 1400 ವರ್ಷಗಳ ಹಿಂದೆ ಸತ್ತ ದೊರೆಯ ಅಧಿಕಾರ ಎಲ್ಲಿಯವರೆಗೆ ನಡೆಯುತ್ತಿತ್ತು ಎಂಬುದನ್ನು ಪುರಾತತ್ವಜ್ಞರು ಹೇಗೆ ಪತ್ತೆ ಮಾಡುತ್ತಾರೆ? ಅವನ ಜೀವನದ ಜೊತೆಜೊತೆಗೇ ಅದನ್ನೂ ನೋಡೋಣ.

ಬಲ ಬೇರೆ, ಅಧಿಕಾರ ಬೇರೆ

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ಸೈನ್ಯ ತಂದು ಒಂದು ಊರನ್ನು ಮಣಿಸುವುದು ಬಲ. ಸೈನ್ಯ ಹೊರಟುಹೋದ ಮೇಲೂ ಆ ಊರಿನವರು ಅದೇ ರಾಜನ ಹೆಸರಿನಲ್ಲಿ ತೆರಿಗೆ ಕೊಡುವುದು, ಅವನ ಆಜ್ಞೆಯಂತೆ ಹೊಲ ಬಿಟ್ಟುಕೊಡುವುದು ಅಧಿಕಾರ. ಹೊಗಳಿಕೆಯ ಪದ್ಯಗಳಲ್ಲಿ ಬಲ ಧಾರಾಳವಾಗಿ ಸಿಗುತ್ತದೆ. ಅಧಿಕಾರದ ಗುರುತು ಸಿಗುವುದು ಒಣ ಕಾಗದಪತ್ರಗಳಂಥ ದಾಖಲೆಗಳಲ್ಲಿ.

ಹಾಗಾಗಿ ಯಾವುದೇ ಸಾಕ್ಷ್ಯ ಕೈಗೆ ಬಂದರೂ ನಾಲ್ಕು ಪ್ರಶ್ನೆ ಕೇಳಬೇಕಾಗುತ್ತದೆ. ಇದನ್ನು ಹೇಳುತ್ತಿರುವವರು ಯಾರು, ಹೇಳಿದರೆ ಅವರಿಗೇನು ಲಾಭ? ಇದು ಯಾವ ಜಾಗಕ್ಕೆ ಸಂಬಂಧಿಸಿದ್ದು? ಘಟನೆ ನಡೆದ ಎಷ್ಟು ವರ್ಷಗಳ ಮೇಲೆ ಬರೆದದ್ದು? ಎದುರಾಳಿಗಳು ಏನು ಹೇಳುತ್ತಾರೆ? ಕೋರ್ಟಿನಲ್ಲಿ ಸಾಕ್ಷಿಗಳನ್ನು ವಿಚಾರಿಸುವ ರೀತಿಯೇ ಇದು.

ಕೋಟೆಯಿಂದ ಶುರುವಾದ ರಾಜ್ಯ

ನಾವು ಇದನ್ನು ಬರೆಯುತ್ತಿರುವುದು ಹುಬ್ಬಳ್ಳಿ-ಧಾರವಾಡದ ನಡುವಿನ ರಾಯಾಪುರದಿಂದ. ಇಲ್ಲಿಂದ ಈಶಾನ್ಯಕ್ಕೆ ಚಾಲುಕ್ಯರ ಬಾದಾಮಿ, ದಕ್ಷಿಣಕ್ಕೆ ಕದಂಬರ ಬನವಾಸಿ. ಮೊದಲು ಈ ಸೀಮೆಯೆಲ್ಲ ಕದಂಬರದು. ಅದು ಚಾಲುಕ್ಯರ ಕೈಗೆ ಹೇಗೆ ಹೋಯಿತು ಎಂಬುದಕ್ಕೆ ಮೊದಲ ಸಾಕ್ಷಿ ಬಾದಾಮಿಯ ಒಂದು ಬಂಡೆ.

ಪುಲಕೇಶಿಯ ಅಜ್ಜನ ಹೆಸರೂ ಪುಲಕೇಶಿ. ಅದಕ್ಕೇ ಮೊಮ್ಮಗ ಇಮ್ಮಡಿ, ಅಂದರೆ ಎರಡನೆಯವನು. ಅಜ್ಜ ವಾತಾಪಿಯ ಬೆಟ್ಟಕ್ಕೆ ಕೋಟೆ ಕಟ್ಟಿಸಿ, ಅದನ್ನು ಅಲ್ಲಿಯ ಬಂಡೆಯ ಮೇಲೆ ಕೆತ್ತಿಸಿದ. ಅದರಲ್ಲಿರುವುದು ಶಕ ವರ್ಷ 465. ಶಕ ವರ್ಷಕ್ಕೆ 78 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಹಾಗಾಗಿ ಇದು ಕ್ರಿ.ಶ. 543. ಈ ಶಾಸನವನ್ನು ಓದಿ ಸಂಪಾದಿಸಿದವರು ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಆರ್.ಎಸ್. ಪಂಚಮುಖಿ.

ಪುರಾತತ್ವಜ್ಞರಿಗೆ ಈ ಬರಹದಷ್ಟೇ ಕೋಟೆಯೂ ಮುಖ್ಯ. ಕೋಟೆ ತಾನಾಗಿ ಏಳುವುದಿಲ್ಲ. ಕಲ್ಲು ಒಡೆಯುವವರು ಬೇಕು, ಹೊರುವವರು ಬೇಕು. ತಮ್ಮ ಹೊಲ ಬಿಟ್ಟು ಬಂದ ಅಷ್ಟು ಜನರಿಗೆ ದಿನವೂ ಕಾಳುಕಡಿ ಒದಗಿಸಬೇಕು. ಅಂದರೆ ಸುತ್ತಲಿನ ಊರುಗಳ ದವಸ ಒಂದು ಕಡೆ ಸೇರುವ ಏರ್ಪಾಡು ಇದ್ದಿರಲೇಬೇಕು. ರಾಜನ ಪದವಿ ಎಷ್ಟೇ ಉದ್ದವಿರಲಿ, ಆ ಏರ್ಪಾಡೇ ರಾಜ್ಯದ ನಿಜವಾದ ಬೆನ್ನೆಲುಬು.

ಮುಂದಿನ ತಲೆಮಾರಿನಲ್ಲಿ ಈ ಶಕ್ತಿ ಇನ್ನೂ ಬೆಳೆಯಿತು. ಅಜ್ಜನ ಮಗ ಒಂದನೇ ಕೀರ್ತಿವರ್ಮ ದೊರೆಯಾದ. ಅವನ ಆಳ್ವಿಕೆಯ 12ನೇ ವರ್ಷ, ಅಂದರೆ 578ರಲ್ಲಿ, ಅವನ ತಮ್ಮ ಮಂಗಲೇಶ ಬಾದಾಮಿಯ ಮೂರನೇ ಗುಹೆಯ ವಿಷ್ಣು ದೇವಾಲಯವನ್ನು ಪೂರ್ತಿ ಮಾಡಿಸಿದ. ಇಂದಿಗೂ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಗುಹೆ ಇದೇ. ಕೀರ್ತಿವರ್ಮ ಸತ್ತಾಗ ಅವನ ಮಗ ಇನ್ನೂ ಚಿಕ್ಕವನು. ಗದ್ದುಗೆ ಏರಿದ್ದು ಚಿಕ್ಕಪ್ಪ ಮಂಗಲೇಶ.

ಚಿಕ್ಕಪ್ಪನೊಂದಿಗೆ ಜಗಳ

ಆ ಹುಡುಗನೇ ನಮ್ಮ ಕಥಾನಾಯಕ. ಅವನ ಮೂಲ ಹೆಸರು ಎರೆಯ ಎಂದು ವಿದ್ವಾಂಸರು ಹೇಳುತ್ತಾರೆ. ವಯಸ್ಸಿಗೆ ಬಂದಾಗ ಗದ್ದುಗೆ ತನ್ನದಾಗಬೇಕಿತ್ತು. ಮಂಗಲೇಶ ಅದನ್ನು ತನ್ನ ಮಗನಿಗೆ ಕೊಡಲು ಹೊರಟ. ಪುಲಕೇಶಿ ರಾಜಧಾನಿ ಬಿಟ್ಟು ಹೋಗಿ, ದಂಡು ಕಟ್ಟಿ, ಚಿಕ್ಕಪ್ಪನ ಮೇಲೆ ಯುದ್ಧಕ್ಕೆ ಬಂದ. ಮಂಗಲೇಶ ರಾಜ್ಯವನ್ನೂ ಕಳೆದುಕೊಂಡ, ಜೀವವನ್ನೂ ಕಳೆದುಕೊಂಡ.

ಇದು ಯಾವಾಗ ನಡೆಯಿತು? ಹೈದರಾಬಾದ್ ತಾಮ್ರಪಟ ಎಂದು ಕರೆಯುವ ದಾಖಲೆಯಲ್ಲಿ ಶಕ 534 ಎಂಬ ವರ್ಷವೂ ಇದೆ, ಅದು ಪುಲಕೇಶಿಯ ಆಳ್ವಿಕೆಯ ಮೂರನೇ ವರ್ಷ ಎಂಬ ಮಾತೂ ಇದೆ. 612-13ಕ್ಕೆ ಮೂರನೇ ವರ್ಷವಾದರೆ ಪಟ್ಟಕ್ಕೆ ಬಂದದ್ದು 610ರ ಆಸುಪಾಸಿನಲ್ಲಿ. ಪಠ್ಯಪುಸ್ತಕದಲ್ಲಿ ಕಾಣುವ ಇಸವಿ ಯಾರೋ ಊಹಿಸಿ ಬರೆದದ್ದಲ್ಲ, ಇಂಥ ಸರಳ ಲೆಕ್ಕದಿಂದ ಬಂದದ್ದು.

ಮನೆಯೊಳಗೆ ಜಗಳವಾದರೆ ಹೊರಗಿನವರು ಸುಮ್ಮನಿರುವುದಿಲ್ಲ. ಆಪ್ಪಾಯಿಕ ಮತ್ತು ಗೋವಿಂದ ಎಂಬ ಇಬ್ಬರು ಭೀಮಾ ನದಿಯ ಕಡೆಯಿಂದ ದಂಡೆತ್ತಿ ಬಂದರು. ಪುಲಕೇಶಿ ಒಬ್ಬನನ್ನು ಓಡಿಸಿದ, ಇನ್ನೊಬ್ಬನನ್ನು ತನ್ನ ಕಡೆ ಸೇರಿಸಿಕೊಂಡ. ಆಮೇಲೆ ಬನವಾಸಿ ಗೆದ್ದ. ಗಂಗರು, ಆಳುಪರು ಅವನಿಗೆ ತಲೆಬಾಗಿದರು. ಕೊಂಕಣದ ಮೌರ್ಯರ ಪುರಿ ಎಂಬ ದ್ವೀಪನಗರಕ್ಕೆ ಹಡಗುಗಳಲ್ಲಿ ಮುತ್ತಿಗೆ ಹಾಕಿದ. ಲಾಟ, ಮಾಲವ, ಗುರ್ಜರರಾದ ಮೇಲೆ ಪೂರ್ವಕ್ಕೆ ತಿರುಗಿ ಕೋಸಲ, ಕಳಿಂಗ, ಪಿಷ್ಟಪುರ. ಕೊನೆಗೆ ತೆಂಕಣದ ಪಲ್ಲವರು.

ಇಷ್ಟೆಲ್ಲ ನಮಗೆ ಗೊತ್ತಾದದ್ದು ಮುಖ್ಯವಾಗಿ ಒಂದೇ ಒಂದು ಕಲ್ಲಿನಿಂದ.

ಐಹೊಳೆಯ ಶಾಸನವನ್ನು ಎಷ್ಟು ನಂಬಬೇಕು?

ಐಹೊಳೆಯ ಗುಡ್ಡದ ಮೇಲೆ ಮೇಗುತಿ ಎಂಬ ಜೈನ ಬಸದಿ ಇದೆ. ಅದನ್ನು ಕಟ್ಟಿಸಿದವನು ಪುಲಕೇಶಿಯ ಕೃಪೆಗೆ ಪಾತ್ರನಾದ ಕವಿ ರವಿಕೀರ್ತಿ. ಬಸದಿಯ ಹೊರಗೋಡೆಯಲ್ಲಿ ಅವನು ಬರೆದ ಸಂಸ್ಕೃತ ಶಾಸನವಿದೆ, ಲಿಪಿ ಹಳಗನ್ನಡದ್ದು. ಕಾಲ ಶಕ 556, ಅಂದರೆ 634-35. ರವಿಕೀರ್ತಿ ತನ್ನನ್ನು ಕಾಳಿದಾಸ ಮತ್ತು ಭಾರವಿಗೆ ಹೋಲಿಸಿಕೊಂಡಿದ್ದಾನೆ. ಅದರಿಂದ ಇನ್ನೊಂದು ಲಾಭವೂ ಆಗಿದೆ: ಆ ಇಬ್ಬರು ಮಹಾಕವಿಗಳು 634ಕ್ಕಿಂತ ಮೊದಲಿನವರು ಎಂಬುದಕ್ಕೆ ಈ ಕಲ್ಲೇ ಗಟ್ಟಿ ಆಧಾರ.

ಆದರೆ ನಾಲ್ಕು ಪ್ರಶ್ನೆಗಳನ್ನು ಮರೆಯಬಾರದು. ಹೇಳುತ್ತಿರುವವನು ಆಸ್ಥಾನದ ಕವಿ. ಅವನ ಕೆಲಸವೇ ಹೊಗಳುವುದು. ದೊರೆ ಮೂರು ಮಹಾರಾಷ್ಟ್ರಕಗಳ 99,000 ಊರುಗಳಿಗೆ ಒಡೆಯನಾದ ಎಂದು ಅವನು ಬರೆಯುತ್ತಾನೆ. ಯಾರೂ ಮನೆಮನೆಗೆ ಹೋಗಿ ಎಣಿಸಿದ ಲೆಕ್ಕವಲ್ಲ ಇದು. ಹಳೆಯ ಶಾಸನಗಳಲ್ಲಿ ಪ್ರಾಂತ್ಯಗಳ ಹೆಸರಿನ ಜೊತೆ ಇಂಥ ದೊಡ್ಡ, ದುಂಡು ಸಂಖ್ಯೆ ಅಂಟಿಕೊಂಡೇ ಬರುತ್ತದೆ. ಕಳಿಂಗದವರು ಹೆದರಿದರು ಎಂದರೆ ಅಲ್ಲಿ ಪುಲಕೇಶಿಯ ಅಧಿಕಾರಿಗಳು ಕೂತು ತೆರಿಗೆ ಎತ್ತುತ್ತಿದ್ದರು ಎಂದು ಅರ್ಥವಲ್ಲ. ಇದು ಬಲದ ಪಟ್ಟಿ. ಅಧಿಕಾರದ ಪಟ್ಟಿ ಬೇಕಾದರೆ ಬೇರೆ ಕಡೆ ಹುಡುಕಬೇಕು.

ತಾಮ್ರಪಟ: ಆ ಕಾಲದ ಉತಾರ

ನಮ್ಮ ಕಡೆ ಹೊಲದ ವ್ಯವಹಾರ ಬಂತೆಂದರೆ ಮೊದಲು ಕೇಳುವುದು ಉತಾರ. ಆ ಕಾಲದಲ್ಲಿ ಆ ಕೆಲಸ ಮಾಡುತ್ತಿದ್ದದ್ದು ತಾಮ್ರಪಟ. ತಾಮ್ರದ ತಗಡುಗಳ ಮೇಲೆ ಬರೆದು, ಬಳೆ ಪೋಣಿಸಿ, ಬಳೆಯ ಮೇಲೆ ರಾಜಮುದ್ರೆ ಒತ್ತುತ್ತಿದ್ದರು. ಚಾಲುಕ್ಯರ ಮುದ್ರೆಯಲ್ಲಿರುವುದು ವರಾಹ. ಮೊದಲು ರಾಜವಂಶದ ಹೊಗಳಿಕೆ, ಆಮೇಲೆ ಯಾರಿಗೆ ಕೊಟ್ಟದ್ದು, ಯಾವ ಊರು, ಯಾವ ದಿನ, ಕೊನೆಗೆ ದಾನ ಕಿತ್ತುಕೊಂಡವರಿಗೆ ಶಾಪ.

ಹೊಗಳಿಕೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಊರಿನ ಹೆಸರು, ಪಡೆದವನ ಹೆಸರು ಹೇಳುವ ಭಾಗದಲ್ಲಿ ಸುಳ್ಳು ಹೇಳಿ ಪ್ರಯೋಜನವಿಲ್ಲ. ಒಂದು ಊರಿನ ತೆರಿಗೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕಾದರೆ ಮೊದಲು ಅದು ತನ್ನ ಕೈಗೆ ಬರುತ್ತಿರಬೇಕು. ಆದ್ದರಿಂದ ಸಂಶೋಧಕರು ದಾನ ಕೊಟ್ಟ ಊರುಗಳನ್ನು ನಕ್ಷೆಯಲ್ಲಿ ಗುರುತಿಸುತ್ತಾರೆ. ತಗಡು ಸಿಕ್ಕ ಜಾಗವನ್ನಷ್ಟೇ ನೋಡಿದರೆ ಸಾಲದು, ತಗಡನ್ನು ಎತ್ತಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಅದರೊಳಗೆ ಹೇಳಿದ ಊರು ಮಾತ್ರ ಕದಲುವುದಿಲ್ಲ.

ಪುಲಕೇಶಿಯ ಕಾಲದ ತಾಮ್ರಪಟಗಳಲ್ಲಿ ಒಂದು ನಾಸಿಕ್ ಸೀಮೆಯ ಲೋಹನೇರದ್ದು, ಒಂದು ಸಾತಾರದ್ದು, ಒಂದು ಆಂಧ್ರದ ಗುಂಟೂರು ಸೀಮೆಯ ಕೊಪ್ಪರಂನದು. ಪಶ್ಚಿಮ ಘಟ್ಟದ ಸೆರಗಿನಿಂದ ಕೃಷ್ಣೆಯ ಕೆಳದಂಡೆಯವರೆಗೆ ಅವನ ಹೆಸರಿನಲ್ಲಿ ಆಡಳಿತ ನಡೆಯುತ್ತಿತ್ತು ಎಂಬುದಕ್ಕೆ ಇವು ಆಧಾರ. ಇಷ್ಟು ದೂರದ ನಾಡನ್ನು ಬಾದಾಮಿಯಲ್ಲಿ ಕೂತು ಆಳುವುದು ಸುಲಭವಲ್ಲ. ಅದಕ್ಕೇ ಪೂರ್ವ ಕರಾವಳಿಯನ್ನು ತಮ್ಮ ಕುಬ್ಜ ವಿಷ್ಣುವರ್ಧನನಿಗೆ ಒಪ್ಪಿಸಿದ. ಮುಂದೆ ಆ ತಮ್ಮನ ವಂಶವೇ ವೇಂಗಿಯ ಪೂರ್ವ ಚಾಲುಕ್ಯರೆಂದು ಪ್ರತ್ಯೇಕವಾಗಿ ನಿಂತು ನಾನೂರು ವರ್ಷಕ್ಕೂ ಮಿಕ್ಕಿ ಆಳಿತು.

ಹರ್ಷನನ್ನು ತಡೆದದ್ದು ನಿಜವೇ?

ನಿಜ. ಇದಕ್ಕೆ ಒಂದಲ್ಲ, ಮೂರು ಸಾಕ್ಷಿಗಳಿವೆ.

ಮೊದಲನೆಯದು ಐಹೊಳೆಯ ಶಾಸನ. ಹರ್ಷನ ಹೆಸರಿನ ಮೇಲೇ ಶ್ಲೇಷೆ ಮಾಡಿ ರವಿಕೀರ್ತಿ ಅವನ ಸೋಲನ್ನು ವರ್ಣಿಸಿದ್ದಾನೆ. ಆದರೆ ಅವನು ನಮ್ಮ ಪಕ್ಷದವನು.

ಎರಡನೆಯವನು ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್. ಸುಮಾರು 641ರಲ್ಲಿ ಅವನು ಪುಲಕೇಶಿಯ ರಾಜ್ಯಕ್ಕೆ ಬಂದಿದ್ದ. ಇಲ್ಲಿಯ ಜನ ಮಾನಿಷ್ಠರು, ಉಪಕಾರ ಮರೆಯದವರು, ಅವಮಾನ ಸಹಿಸದವರು ಎಂದು ಬರೆದಿದ್ದಾನೆ. ಸೋತ ಸೇನಾಪತಿಗೆ ಹೆಣ್ಣುಡುಗೆ ಕೊಟ್ಟು ನಾಚಿಸುತ್ತಿದ್ದರು, ಯುದ್ಧಕ್ಕೆ ಮೊದಲು ಆನೆಗಳಿಗೂ ಮದ್ಯ ಕುಡಿಸುತ್ತಿದ್ದರು ಎಂಬ ವಿವರಗಳೂ ಅವನಲ್ಲಿವೆ. ಉತ್ತರದಲ್ಲಿ ಎಲ್ಲರನ್ನೂ ಮಣಿಸಿದ ಹರ್ಷನಿಗೆ ಈ ರಾಜ್ಯ ಮಾತ್ರ ಮಣಿಯಲಿಲ್ಲ ಎಂದು ಸ್ಪಷ್ಟವಾಗಿ ದಾಖಲಿಸಿದ್ದಾನೆ. ಅವನು ಹರ್ಷನ ಆದರಕ್ಕೆ ಪಾತ್ರನಾದವನು, ಅವನ ಅಭಿಮಾನಿ. ಪುಲಕೇಶಿಯನ್ನು ಎತ್ತಿ ಹೇಳುವ ಗರಜು ಅವನಿಗೆ ಇರಲಿಲ್ಲ. ತನಗೆ ಬೇಕಾದವರಿಗೆ ಮುಜುಗರವಾಗುವ ಸಂಗತಿಯನ್ನು ಒಬ್ಬ ಹೇಳಿದರೆ ಆ ಸಾಕ್ಷ್ಯಕ್ಕೆ ತೂಕ ಹೆಚ್ಚು.

ಮೂರನೆಯದು ಬಿಜಾಪುರ-ಮುಂಬೈ ತಾಮ್ರಪಟ ಎಂದು ಹೆಸರಾದ ದಾಖಲೆ. ಕೆಲವೇ ವರ್ಷಗಳ ಹಿಂದೆ ಪುಣೆಯ ಭಂಡಾರ್ಕರ್ ಸಂಸ್ಥೆಯ ವಿದ್ವಾಂಸರು ಇದನ್ನು ಓದಿ ಪ್ರಕಟಿಸಿದರು. ಇದರ ಕಾಲ 619ರ ಏಪ್ರಿಲ್. ಹರ್ಷನ ಸೋಲಿನ ಮಾತು ಇದರಲ್ಲಿ ಆಗಲೇ ಬಂದಿದೆ. ಅಲ್ಲಿಯವರೆಗೆ ಹಲವು ಇತಿಹಾಸಕಾರರು ಈ ಯುದ್ಧವನ್ನು 630ರ ನಂತರಕ್ಕೆ ಇಡುತ್ತಿದ್ದರು. ಒಂದು ತಾಮ್ರಪಟ ಸಿಕ್ಕಿದ್ದರಿಂದ ಯುದ್ಧದ ಕಾಲ ಹತ್ತಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಯಿತು.

ಆದರೆ ಗಮನಿಸಿ: ಮೂರೂ ಸಾಕ್ಷಿಗಳು ಹೇಳುವುದು ಹರ್ಷನನ್ನು ತಡೆದ, ಸೋಲಿಸಿದ ಎಂದು. ಹರ್ಷನ ಕನೌಜನ್ನು ಪುಲಕೇಶಿ ಆಳಿದ ಎಂದು ಯಾವುದೂ ಹೇಳುವುದಿಲ್ಲ. ನರ್ಮದೆಯ ಆಚೆಗೆ ಹರ್ಷ ತನ್ನ ರಾಜ್ಯವನ್ನು ಆಳುತ್ತಲೇ ಇದ್ದ. ಹಾಗಾಗಿ ಇಡೀ ಭಾರತ ಆಳಿದ ಎಂಬುದು ತಪ್ಪು. ದಕ್ಖನ್ನಿನ ಒಡೆಯನಾಗಿದ್ದ ಎಂಬುದು ಸರಿ.

ಆಗಲೂ ಫಾರ್ವರ್ಡ್ ಆಗುತ್ತಿತ್ತು!

ಇನ್ನೊಂದು ಸ್ವಾರಸ್ಯ ಇದೆ. ಪುಲಕೇಶಿಗೆ ಪರಮೇಶ್ವರ ಎಂಬ ಬಿರುದಿತ್ತು. ಅವನ ಮಗ, ಮೊಮ್ಮಕ್ಕಳ ಕಾಲದ ತಾಮ್ರಪಟಗಳಲ್ಲಿ ಈ ಬಿರುದು ಉತ್ತರಾಪಥಕ್ಕೆಲ್ಲ ಒಡೆಯನಾದ ಹರ್ಷನನ್ನು ಸೋಲಿಸಿ ಬಂದದ್ದು ಎಂದಿದೆ. ಆದರೆ ಅವನದೇ 612-13ರ ಹೈದರಾಬಾದ್ ತಾಮ್ರಪಟದಲ್ಲಿ ಆ ಬಿರುದು ಆಗಲೇ ಇದೆ. ಅಲ್ಲಿ ಅದು ಶತ್ರುರಾಜರನ್ನು ಗೆದ್ದು ಬಂದದ್ದು ಎಂದಷ್ಟೇ ಇದೆ, ಹರ್ಷನ ಹೆಸರಿಲ್ಲ.

ಅಂದರೆ ಬಿರುದು ಮೊದಲು ಬಂತು, ಅದಕ್ಕೆ ದೊಡ್ಡ ಕಾರಣ ಆಮೇಲೆ ಸೇರಿಕೊಂಡಿತು. ತಲೆಮಾರಿನಿಂದ ತಲೆಮಾರಿಗೆ ದಾಟುವಾಗ ಮಾತು ಒಂದು ಸುತ್ತು ದಪ್ಪಗಾಯಿತು. ಇದನ್ನು ಪತ್ತೆ ಹಚ್ಚುವ ದಾರಿ ಒಂದೇ: ಒಂದೇ ವಿಷಯದ ಹಳೆಯ ಮತ್ತು ಹೊಸ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವುದು.

ಹಾಗಾದರೆ ಅಜಂತಾದ ಆ ಚಿತ್ರ?

ಆ ಚಿತ್ರ ಅಜಂತಾದ ಒಂದನೇ ಗುಹೆಯಲ್ಲಿದೆ. ಪರ್ಷಿಯಾದ ದೊರೆ ಎರಡನೇ ಖುಸ್ರುವಿಗೆ ಭಾರತದ ಒಬ್ಬ ರಾಜನಿಂದ ದೂತರು ಬಂದರೆಂದು ಇತಿಹಾಸಕಾರ ತಬರಿ ಬರೆದಿದ್ದಾನೆ. ಅರಬ್ಬಿ ಲಿಪಿಯಲ್ಲಿದ್ದ ಆ ರಾಜನ ಹೆಸರನ್ನು 19ನೇ ಶತಮಾನದ ಯುರೋಪಿನ ವಿದ್ವಾಂಸರು ಪುಲಕೇಶಿ ಎಂದು ಓದಿದರು. 1879ರಲ್ಲಿ ಜೇಮ್ಸ್ ಫರ್ಗ್ಯುಸನ್ ಅಜಂತಾದ ಈ ಚಿತ್ರವನ್ನು ಅದಕ್ಕೆ ಜೋಡಿಸಿದ. ಪರ್ಷಿಯಾದ ದೂತರು ಪುಲಕೇಶಿಯ ಆಸ್ಥಾನಕ್ಕೆ ಬಂದ ದೃಶ್ಯ ಇದು ಎಂಬ ಮಾತು ಅಲ್ಲಿಂದ ಹಬ್ಬಿತು.

ತೊಂದರೆ ಎಲ್ಲಿದೆ? ಒಂದನೇ ಗುಹೆಯ ಕೆಲಸ 5ನೇ ಶತಮಾನದಲ್ಲಿ, ವಾಕಾಟಕರ ದೊರೆ ಹರಿಷೇಣನ ಕಾಲದಲ್ಲಿ ನಡೆದದ್ದು ಎಂದು ಅಜಂತಾವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ವಾಲ್ಟರ್ ಸ್ಪಿಂಕ್ ತೋರಿಸಿದ್ದಾರೆ. ಅಂದರೆ ಪುಲಕೇಶಿ ಪಟ್ಟಕ್ಕೆ ಬರುವುದಕ್ಕೆ ನೂರು ವರ್ಷಕ್ಕೂ ಮೊದಲು. ಚಿತ್ರದಲ್ಲಿರುವುದು ಬೌದ್ಧ ಕತೆಯ ರಾಜ ಮಹಾಸುದರ್ಶನ ಎಂದು ಜರ್ಮನಿಯ ವಿದ್ವಾಂಸ ಡೀಟರ್ ಶ್ಲಿಂಗ್ಲೋಫ್ ಗುರುತಿಸಿದ್ದಾರೆ. ಟೊಪ್ಪಿಗೆಯ ವಿದೇಶಿಯರು ಆಗಿನ ಕಾಲದ ವ್ಯಾಪಾರದ ದಾರಿಗಳಲ್ಲಿ ಓಡಾಡುತ್ತಿದ್ದವರೇ. ಅವರನ್ನು ಬಿಡಿಸಲು ರಾಯಭಾರಿಗಳೇ ಬರಬೇಕಿರಲಿಲ್ಲ.

ಪುಲಕೇಶಿಯದೇ ಎಂದು ಖಚಿತವಾಗಿ ಹೇಳಬಹುದಾದ ಅವನ ಕಾಲದ ಚಿತ್ರವಾಗಲಿ ವಿಗ್ರಹವಾಗಲಿ ನಮ್ಮಲ್ಲಿಲ್ಲ. ಇಂದು ಕಾಣುವ ಚಿತ್ರಗಳು, ಪ್ರತಿಮೆಗಳು ಕಲಾವಿದರ ಕಲ್ಪನೆ.

ಕೊನೆಯ ಸೋಲು

ಒಂದೂ ಯುದ್ಧ ಸೋಲದವನು ಎಂಬ ಮಾತಿಗೆ ಉತ್ತರ ಬಾದಾಮಿಯಲ್ಲೇ ಇದೆ.

ಪುಲಕೇಶಿ ಪಲ್ಲವರನ್ನು ಕಂಚಿಯ ಕೋಟೆಯೊಳಗೆ ಅಟ್ಟಿದ ಎಂದು ಐಹೊಳೆಯ ಶಾಸನ ಹೇಳುತ್ತದೆ. ಪುಲ್ಲಲೂರಿನಲ್ಲಿ ತಮ್ಮ ದೊರೆ ಶತ್ರುಗಳನ್ನು ಬಡಿದ ಎಂದು ಪಲ್ಲವರ ತಾಮ್ರಪಟ ಹೇಳುತ್ತದೆ. ಇಬ್ಬರೂ ಗೆದ್ದೆವು ಎನ್ನುತ್ತಾರೆ! ಇಂಥಲ್ಲಿ ಜಾಗವೇ ತೀರ್ಪು ಕೊಡುತ್ತದೆ. ಪುಲ್ಲಲೂರು ಇರುವುದು ಕಂಚಿಯ ಹತ್ತಿರ. ಅಂದರೆ ಚಾಲುಕ್ಯರ ದಂಡು ಪಲ್ಲವರ ರಾಜಧಾನಿಯ ಬಾಗಿಲವರೆಗೆ ಹೋಗಿತ್ತು, ಆದರೆ ಕಂಚಿ ಕೈಗೆ ಬರಲಿಲ್ಲ.

ಮುಂದಿನ ಪಲ್ಲವ ದೊರೆ ನರಸಿಂಹವರ್ಮನ ಕಾಲದಲ್ಲಿ ಆಟ ತಿರುಗಿತು. ಪುಲಕೇಶಿಯ ದಂಡು ಮಣಿಮಂಗಲದಂಥ ಕಡೆಗಳಲ್ಲಿ ಸೋತಿತು. ಓಡುವ ಪುಲಕೇಶಿಯ ಬೆನ್ನನ್ನೇ ಹಲಗೆ ಮಾಡಿಕೊಂಡು ನರಸಿಂಹವರ್ಮ ಅದರ ಮೇಲೆ ವಿಜಯ ಎಂದು ಬರೆದ ಎಂಬಂತೆ ಪಲ್ಲವರ ಕೂರಂ ತಾಮ್ರಪಟ ಕೊಚ್ಚಿಕೊಳ್ಳುತ್ತದೆ. ಅದು ಗೆದ್ದವರ ಕವಿಯ ಮಾತು, ಬಿಡಿ. ಆದರೆ ಬಾದಾಮಿಯಲ್ಲೇ ಒಂದು ಬಂಡೆಯ ಮೇಲೆ ನರಸಿಂಹವರ್ಮನ ಆಳ್ವಿಕೆಯ 13ನೇ ವರ್ಷದ ಶಾಸನವಿದೆ. ಬಂಡೆಯನ್ನು ಕಂಚಿಯಿಂದ ಹೊತ್ತು ತಂದಿಡಲು ಆಗುವುದಿಲ್ಲ. ಚಾಲುಕ್ಯರ ರಾಜಧಾನಿಯಲ್ಲಿ ನಿಂತು ಶತ್ರು ತನ್ನ ಹೆಸರು ಕೆತ್ತಿಸಿದ್ದಾನೆ ಎಂದರೆ ರಾಜಧಾನಿ ಅವನ ವಶದಲ್ಲಿತ್ತು. ಇದು ಸುಮಾರು 642ರ ಮಾತು. ಪುಲಕೇಶಿ ಆ ಹೊತ್ತಿಗೆ ಮಡಿದಿರಬೇಕು ಎಂದು ಇತಿಹಾಸಕಾರರು ಊಹಿಸುತ್ತಾರೆ.

ಇದಕ್ಕಿಂತ ಮನಸ್ಸಿಗೆ ತಾಗುವ ಸಾಕ್ಷ್ಯ ಅವನ ಮಗನದು. ಒಂದನೇ ವಿಕ್ರಮಾದಿತ್ಯ ಹೋರಾಡಿ 655ರ ಆಸುಪಾಸಿನಲ್ಲಿ ರಾಜ್ಯವನ್ನು ಮರಳಿ ಪಡೆದ. ನಡುವೆ ನಿಂತುಹೋಗಿದ್ದ ದೇವರ ಮತ್ತು ಬ್ರಾಹ್ಮಣರ ದತ್ತಿಗಳನ್ನು ಅವನು ತನ್ನ ಬಾಯಿಂದಲೇ ಮತ್ತೆ ಊರ್ಜಿತಗೊಳಿಸಿದ ಎಂದು ಅವನ ತಾಮ್ರಪಟಗಳಲ್ಲಿದೆ. ಸೋತೆವು ಎಂದು ಯಾವ ರಾಜವಂಶವೂ ಬರೆಸುವುದಿಲ್ಲ. ಆದರೆ ದತ್ತಿಗಳು ನಿಂತುಹೋಗಿದ್ದವು ಎಂಬ ಈ ಒಂದು ಮಾತಿನಲ್ಲಿ ಎಲ್ಲವೂ ಹೊರಬಿದ್ದಿದೆ. ಸುಮಾರು ಹನ್ನೆರಡು ವರ್ಷ ಪುಲಕೇಶಿ ಕೊಟ್ಟ ಉತಾರಕ್ಕೆ ಬೆಲೆಯಿರಲಿಲ್ಲ. ಅಧಿಕಾರ ಹೋಗುವುದು ಎಂದರೆ ಇದು.

ಒಟ್ಟಾರೆ ಏನು?

ಅಜಂತಾದ ಚಿತ್ರ ಪುಲಕೇಶಿಯದು: ತಪ್ಪು. ಇಡೀ ಭಾರತ ಆಳಿದ: ತಪ್ಪು. ಒಂದೂ ಯುದ್ಧ ಸೋಲಲಿಲ್ಲ: ತಪ್ಪು. ಉತ್ತರದ ಬಲಾಢ್ಯ ದೊರೆ ಹರ್ಷನನ್ನು ಸೋಲಿಸಿ ದಕ್ಖನ್ನಿಗೆ ಬಾರದಂತೆ ತಡೆದ: ನಿಜ, ಎದುರು ಪಕ್ಷದ ಅಭಿಮಾನಿಯೇ ಒಪ್ಪಿಕೊಂಡದ್ದು.

ಪುಲಕೇಶಿಯ ಮೇಲೆ ಅಭಿಮಾನ ಇಟ್ಟುಕೊಳ್ಳಲು ಸುಳ್ಳು ಚಿತ್ರ ಬೇಕಿಲ್ಲ. ಚಿಕ್ಕಂದಿನಲ್ಲಿ ಗದ್ದುಗೆ ತಪ್ಪಿಸಿಕೊಂಡವನು, ಅದನ್ನು ಕಾದಾಡಿ ಪಡೆದವನು, ಸುಮಾರು ಮೂವತ್ತು ವರ್ಷ ದಕ್ಖನ್ನನ್ನು ಆಳಿ ಕೊನೆಗೆ ತನ್ನ ಊರನ್ನೇ ಕಳೆದುಕೊಂಡವನು. ಸೋಲನ್ನು ಅಳಿಸಿಹಾಕಿದರೆ ಅವನ ಕತೆ ಅರ್ಧವಾಗುತ್ತದೆ, ಮಗ ಅದನ್ನು ಮರಳಿ ಕಟ್ಟಿದ ಕತೆಯೂ ಜೊತೆಗೆ ಅಳಿಸಿಹೋಗುತ್ತದೆ.

ಮುಂದಿನ ಬಾರಿ ಯಾವುದೇ ರಾಜನ ಬಗ್ಗೆ ಇಂಥ ಸಂದೇಶ ಬಂದರೆ, ಕಳುಹಿಸುವ ಮುನ್ನ ಆ ನಾಲ್ಕು ಪ್ರಶ್ನೆ ಕೇಳಿ: ಹೇಳಿದ್ದು ಯಾರು, ಎಲ್ಲಿಯದು, ಯಾವಾಗ ಬರೆದದ್ದು, ಎದುರಾಳಿ ಏನೆಂದ? ನಾಲ್ಕರಲ್ಲಿ ಒಂದಕ್ಕೂ ಉತ್ತರವಿಲ್ಲದ ಸಂದೇಶ ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ. ಬಿಡುವಾದಾಗ ಬಾದಾಮಿಗೆ, ಐಹೊಳೆಗೆ ಹೋಗಿಬನ್ನಿ. ಅಜ್ಜ ಬೆಟ್ಟದ ಮೇಲೆ ಕೆತ್ತಿಸಿದ ಅಕ್ಷರ, ಮೊಮ್ಮಗನ ಕವಿ ಬಸದಿಯಲ್ಲಿ ಕೆತ್ತಿಸಿದ ಅಕ್ಷರ, ಶತ್ರು ಬಂಡೆಗೆ ಕೆತ್ತಿಸಿದ ಅಕ್ಷರ, ಮೂರೂ ಇನ್ನೂ ಅಲ್ಲೇ ಇವೆ.